ಮೂರು ವರ್ಷದ ಬಾಡಿಗೆ

ಏಜಿಯನ್ ಸಮುದ್ರ ಕಾಣುವ ಗುಡ್ಡವಾದರೂ
ಮಣ್ಣು ಪುರಸಭೆಯದು.
ಆರಡಿ ಮೂರಡಿ, ಮೂರೇ ವರ್ಷ.
ಆಮೇಲೆ ನೋಟಿಸು; ಕಳಿಸುವವಳು ನಾನೇ.

ಹನ್ನೊಂದನೇ ಸಾಲು, ಇಪ್ಪತ್ತೇಳನೇ ಗುಂಡಿ:
ಸ್ತಿಲಿಯಾನೋಸ್, ಬಲೆ ಹೆಣೆಯುತ್ತಿದ್ದವನು.
ಹೆಂಡತಿ ಎವ್ದೋಕಿಯಾ ಬೆಳಿಗ್ಗೆಯೇ ಬಂದಳು,
ಮೂಳೆ ತೊಳೆಯಲು ಕೆಂಪು ವೈನು, ಬಿಳಿ ಬಟ್ಟೆ,
ಆಗಲೇ ಹೆಸರು ಬರೆಸಿದ ತಗಡಿನ ಪೆಟ್ಟಿಗೆ.

ಪಾಂದೆಲಿಸ್ ಎರಡಡಿ ಅಗೆದ, ಮೂರಡಿ, ಆಮೇಲೆ ನಿಂತ.
"ಅಮ್ಮಾ, ಇನ್ನೂ ಕರಗಿಲ್ಲ."
ಕೋಟು ಹಾಗೇ ಇತ್ತು,
ಅವಳೇ ಹೊಲಿದ ಗುಂಡಿ ಸಮೇತ.
ಗುಂಡಿಯೊಳಗೆ ಗುಂಡಿ.

ಕರಗದವನ ಮೇಲೆ ಯಾರದೋ ಶಾಪವಿದೆ ಅನ್ನುತ್ತಾರೆ ಊರವರು.
ನಾನನ್ನುವುದು: ಇದು ಜೇಡಿಮಣ್ಣು, ಮೇಲಿನ ನಲ್ಲಿ ಸೋರುತ್ತದೆ,
ಮೇಯರಿಗೆ ಎರಡು ಸಲ ಬರೆದಿದ್ದೇನೆ.

ಅವಳು ಅಳಲಿಲ್ಲ.
"ಏಳು ಅಂದರೆ ಯಾವತ್ತು ಎದ್ದಿದ್ದ ಇವನು?"
ಪರ್ಸು ತೆಗೆದು, ಇನ್ನೊಂದು ವರ್ಷಕ್ಕೆ ಎಷ್ಟೆಂದು ಕೇಳಿ
ಎಣಿಸಿ ಕೊಟ್ಟಳು, ಚಿಲ್ಲರೆ ಸಹಿತ.
ರಸೀದಿ ಮಡಿಸಿ ಖಾಲಿ ಪೆಟ್ಟಿಗೆಯೊಳಗಿಟ್ಟಳು.

ವೈನು ಉಳಿಯಿತಲ್ಲ,
ಮಣ್ಣು ಮುಚ್ಚುವವರೆಗೂ ಕಾದು
ನಮ್ಮಿಬ್ಬರಿಗೂ ಕಾಗದದ ಲೋಟಕ್ಕೆ ಬಗ್ಗಿಸಿದಳು.
ಹುಳಿ ಹುಳಿ; ಕುಡಿದೆವು.

ರಿಜಿಸ್ಟರಿನಲ್ಲಿ ಷರಾ ಬರೆದೆ: ಅವಧಿ ವಿಸ್ತರಿಸಿದೆ.
ಅದರ ಕೆಳಗೆ, ಪೆನ್ಸಿಲಿನಲ್ಲಿ,
ನಲ್ಲಿಯ ಬಗ್ಗೆ ಮೂರನೇ ಕಾಗದ.