ಮುಂದಿನ ವರ್ಷದ ಮೊಗ್ಗು

ಜೂನ್ ಇಪ್ಪತ್ತನಾಲ್ಕಕ್ಕೆ ಕತ್ತರಿ ಮಸೆಯುವುದು ನನ್ನ ಪದ್ಧತಿ.
ಆ ವರ್ಷವೂ ಮಸೆದೆ, ಕತ್ತರಿಸಲು ಏನೂ ಇರಲಿಲ್ಲ.
ಪೈನ್ ಮರದ ಮೇಣದಬತ್ತಿಗಳು ಕಿರುಬೆರಳುದ್ದ ಬಂದು
ಅಲ್ಲೇ ನಿಂತಿದ್ದವು,
ಹೇಳಬಂದದ್ದನ್ನು ನುಂಗಿಕೊಂಡವರಂತೆ.

ಅಮ್ಮರ್‌ಲಾಂಡಿನಲ್ಲಿ ಎಪ್ಪತ್ತೆರಡು ದಿನ ಹನಿ ಬೀಳಲಿಲ್ಲ.
ಹುಲ್ಲುಹಾಸು ಗೋಣಿಚೀಲದ ಬಣ್ಣಕ್ಕೆ ಬಂತು,
ಕಾಲಿಟ್ಟರೆ ಒಣರೊಟ್ಟಿ ಮುರಿದ ಸದ್ದು.
ಪುರಸಭೆ ನೋಟಿಸು ಅಂಟಿಸಿತು:
ತೋಟಕ್ಕೆ ಕೊಳಾಯಿ ನೀರು ಹಾಕುವಂತಿಲ್ಲ.

ನಾನು ಹಾಕಿದೆ.
ರಾತ್ರಿ ಹನ್ನೊಂದಕ್ಕೆ, ದೀಪವಾರಿಸಿ,
ನೀಲಿ ಸ್ಪ್ರೂಸಿನ ಬುಡಕ್ಕೆ ಪೈಪು ಬಿಟ್ಟು,
ಕಳ್ಳಭಟ್ಟಿ ಕಾಯಿಸುವವನ ಹಾಗೆ ಉಸಿರು ಹಿಡಿದು.
ಬೇಲಿಯಾಚೆಯ ತಾಲೆಯಾ ಓಲ್ಟ್‌ಮಾನ್ಸಳದು
ನಲವತ್ತು ವರ್ಷ ಶಾಲೆಯಲ್ಲಿ ಪಿಸುಮಾತು ಹಿಡಿದ ಕಿವಿ.
ಐವತ್ತೈದು ಯೂರೋ ದಂಡದ ಚೀಟಿ ಬಂತು,
'ನೆರೆಯವರ ದೂರಿನ ಮೇರೆಗೆ' ಎಂದು ಸ್ಪಷ್ಟವಾಗಿ ಬರೆದಿತ್ತು.
ಕಟ್ಟಿದೆ. ಮಾತು ಬಿಟ್ಟೆ.
ಅವಳೂ ಬಿಟ್ಟಳು,
ನಾನು ಬಿಟ್ಟದ್ದು ತಿಳಿಯುವ ಮೊದಲೇ.

ಆಗಸ್ಟಿನ ಮೂರನೇ ವಾರ ಮಳೆ.
ಗುಡುಗಿಲ್ಲ, ಮಿಂಚಿಲ್ಲ;
ಜೇಬಿನಲ್ಲಿ ಮನೆಯ ಬೀಗದಕೈ ಇರುವವರ ಹಾಗೆ
ಮೆಲ್ಲಗೆ ಒಳಬಂದು ನಾಲ್ಕು ದಿನ ಇದ್ದು ಹೋಯಿತು.
ಹತ್ತನೇ ದಿನ ನೋಡುತ್ತೇನೆ:
ಕುಳ್ಳ ಸ್ಪ್ರೂಸಿನ ತುದಿಗಳಲ್ಲಿ ಕಂದು ಟೊಪ್ಪಿಗೆ ಕಳಚಿ
ಎಳೆಹಸಿರು, ಹಸುಗೂಸಿನ ವಸಡಿನಷ್ಟು ಮೆತ್ತಗೆ.
ಹಳೆಯ ಸೂಜಿಗಳ ನಡುವೆ ಅದಕ್ಕಿನ್ನೂ ಚುಚ್ಚಲು ಬಾರದು.
ಒಂದು ಕೊಂಬೆಯಲ್ಲಿ ಬಂದಿದೆ, ಪಕ್ಕದ್ದರಲ್ಲಿ ಇಲ್ಲ;
ಯಾರೋ ಅರ್ಧ ಬಾಚಿ ಎದ್ದುಹೋದ ತಲೆ.

ಇದಕ್ಕೆ ನಮ್ಮಲ್ಲಿ ಸಂತ ಯೋಹಾನನ ಚಿಗುರು ಎನ್ನುತ್ತಾರೆ.
ಮುಪ್ಪಿನಲ್ಲಿ ಮೋಹಕ್ಕೆ ಬಿದ್ದವರಿಗೂ ಅದೇ ಹೆಸರು,
ಬಿಯರಿನಂಗಡಿಯಲ್ಲಿ ಮೊಣಕೈ ತಿವಿದು ಹೇಳುವಂಥದು.
ನರ್ಸರಿಯಲ್ಲಿ ಮೂವತ್ತು ವರ್ಷ ದುಡಿದವನ ಲೆಕ್ಕವೇ ಬೇರೆ:
ಇದು ಹೆಚ್ಚುವರಿ ಮೊಗ್ಗಲ್ಲ. ಬರುವ ವಸಂತಕ್ಕೆಂದು
ಮರ ಗಂಟುಕಟ್ಟಿ ಒಳಗಿಟ್ಟದ್ದು.
ಒಂದು ಮಳೆಗೆ ಮರುಳಾಗಿ ಗಂಟು ಬಿಚ್ಚಿಬಿಟ್ಟಿದೆ.
ಚಳಿಗೆ ಮುನ್ನ ಬಲಿತರೆ ಬಲಿಯಿತು,
ಇಲ್ಲವಾದರೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ.

ಕತ್ತರಿ ಕೈಯಲ್ಲೇ ಇತ್ತು.
'ಮುಟ್ಟಬೇಡಿ.'
ಬೇಲಿಯಾಚೆಯಿಂದ, ಐವತ್ತೊಂಬತ್ತು ದಿನಗಳ ಮೇಲೆ.
ಕ್ಷಮೆ ಕೇಳಲಿಲ್ಲ ಅವಳು.
ಸಂದಿಯಲ್ಲಿ ಕೈ ತೂರಿಸಿ ಬೆರಳ ಬೆನ್ನಿನಿಂದ ಚಿಗುರು ಸವರಿದಳು,
ಜ್ವರ ನೋಡುವವರು ಸವರುವಂತೆ.
'ನೀವು ಕದ್ದು ಹಾಕಿದ ನೀರಿನದೋ, ಮಳೆಯದೋ?'
'ಗೊತ್ತಿಲ್ಲ' ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಸಂಜೆ ರೇಡಿಯೋ ಮೈನಸ್ ಮೂರು ಎಂದಿತು.
ಹತ್ತು ಗಂಟೆಗೆ ಬಾಗಿಲು ಬಡಿದವಳು ಅವಳೇ,
ತೋಳ ತುಂಬ ಹಳೆಯ ದುಪ್ಪಟಿ, ದಿಂಬಿನ ಚೀಲ,
ಮೂಲೆಯಲ್ಲಿ ತೀರಿಹೋದ ಗಂಡನ ಹೆಸರಿನ ಕಸೂತಿ ಅಕ್ಷರ.
ಬಟ್ಟೆ ಒಣಹಾಕುವ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು
ಇಬ್ಬರೂ ಮರಗಳಿಗೆ ಉಡಿಸಿದೆವು.
ಮಾತಾಡಲಾಗದ್ದೇ ಅನುಕೂಲವಾಯಿತು.
ಈ ಸಲ ದೀಪ ಆರಿಸಲಿಲ್ಲ.
ರಸ್ತೆಯಲ್ಲಿ ಯಾರೋ ಸೈಕಲ್ ನಿಧಾನಿಸಿ
ಬೇಕೆಂದೇ ಎರಡು ಸಲ ಗಂಟೆ ಬಾರಿಸಿ ಹೋದರು.

ಬೆಳಿಗ್ಗೆ ಬಿಚ್ಚಿ ನೋಡಿದರೆ
ನೆತ್ತಿಯ ಮೂರು ತುದಿ ಕಪ್ಪಗೆ, ಬೆಂದ ಸೊಪ್ಪಿನಂತೆ ಜೋತು;
ಒಳಗಿನವು ಹಾಗೇ ಇದ್ದವು, ತುಸು ಒದ್ದೆ.
'ಎಷ್ಟು ಉಳಿದಾವು?' ಕೇಳಿದಳು.
ಎಣಿಸಲು ಬಗ್ಗಿದೆ.
ಹದಿನೇಳಕ್ಕೆ ಲೆಕ್ಕ ತಪ್ಪಿತು,
ಮತ್ತೆ ಒಂದರಿಂದ ಶುರುಮಾಡಿದೆ.
ಅವಳು ಅವಸರ ಮಾಡಲಿಲ್ಲ.