ದಿನಕ್ಕೆರಡು ಬೆರಳು

ಹತ್ತೊಂಬತ್ತು ವರ್ಷ ನಾನಿಲ್ಲಿ ಮಾಡಿದ್ದೆಲ್ಲ
ಒಡೆದು ತೆಗೆಯುವುದಕ್ಕೆ.
ಸೆಂಟ್ರಿಂಗ್ ಆಚಾರಿಯ ಕೆಲಸ ಅಷ್ಟೇ:
ಹಲಗೆ ಹೊಡೆ, ಕಾಂಕ್ರೀಟು ಸುರಿಯಲಿ, ಗಟ್ಟಿಯಾಗಲಿ,
ಆಮೇಲೆ ಹಾರೆ ಹಾಕಿ ಕಿತ್ತು ರಾಶಿ ಮಾಡು.
ಕಂಬದ ಮೈಮೇಲೆ ನನ್ನ ಹಲಗೆಯ ಗೆರೆ
ಎರಡು ದಿನ ಕಾಣುತ್ತದೆ.
ಮೂರನೆಯ ದಿನ ಗಾರೆಯವನು ಬರುತ್ತಾನೆ.

ಸೂರ್ ಊರಿನ ಹಡಗುಕಟ್ಟೆಯಲ್ಲಿ ಒಂದು ಶುಕ್ರವಾರ
ಮುದುಕ ಖಲ್ಫಾನ್ ಹಳೆಯ ಹಾಯಿಹಡಗೊಂದನ್ನು ಬಿಚ್ಚುತ್ತಿದ್ದ,
ಬೆಂದ ಮೀನು ಬಿಡಿಸುವ ಹಾಗೆ, ಮುಳ್ಳು ಮುರಿಯದೆ.
ಒಂದು ಪಕ್ಕೆಲುಬು ನನ್ನತ್ತ ತಳ್ಳಿದ.
"ಸಾಜ್," ಎಂದ. ಸಾಗುವಾನಿ. ನಿಮ್ಮ ದಿಕ್ಕಿನದು.
ಉಪ್ಪು ಕುಡಿದು ಕಪ್ಪಗಿತ್ತು. ಕೀಸುಳಿ ಒಂದು ಸಲ ಓಡಿಸಿದೆ,
ಒಳಗೆ ಬೆಲ್ಲದ ಬಣ್ಣ. ವಾಸನೆ ಬಂತು.
ಊರಿನ ವಾಸನೆ ಎಂದರೆ ಸುಳ್ಳಾದೀತು.
ಮರದ್ದು, ಅಷ್ಟೆ.

ತೂಗುಕುರ್ಚಿಗೆ ಬೇಕು ಎರಡು ಬಾಗು. ಸಿಕ್ಕಿದ್ದು ಒಂದು.
ಇನ್ನೊಂದಕ್ಕೆ ಸೆಂಟ್ರಿಂಗ್ ಪ್ಲೈವುಡ್ ಸೀಳಿದೆ:
ಹನ್ನೊಂದು ಪದರ, ಬಿಸಿನೀರು, ಅಂಟು,
ಎರಡು ತುದಿಗೆ ಎರಡು ಸಿಮೆಂಟು ಮೂಟೆ,
ಟೆರೇಸಿನ ಜುಲೈ ಬಿಸಿಲು.
ಏಳನೆಯ ಪದರ ಪಟ್ಟೆಂದು ಬಿರಿಯಿತು.
ತುಳುವಿನಲ್ಲಿ ಬೈದೆ. ಬೈಗುಳಕ್ಕೆ ಅದೇ ಸರಿ.

ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ತಾಸು
ಸೈಟಿನಲ್ಲಿ ಕೆಲಸ ಮಾಡಬಾರದೆಂದು ಕಾನೂನು.
ಆ ಮೂರು ತಾಸಿನಲ್ಲೇ ಕೆತ್ತಿದ್ದು, ಮೆಟ್ಟಿಲ ನೆರಳಲ್ಲಿ ಕೂತು.
ಕೈಗೆ ಗೊತ್ತಿದ್ದದ್ದು ನೇರವೊಂದೇ,
ತೂಗುಗುಂಡು, ಮೂಲೆಮಟ್ಟ, ನಡುವೆ ನಿಂತ ಗುಳ್ಳೆ.
ಬಾಗಿನ ಮೇಲೆ ಮಟ್ಟಗೋಲು ಇಟ್ಟರೆ
ಗುಳ್ಳೆ ಅತ್ತ ಓಡಿತು, ಇತ್ತ ಓಡಿತು,
ಹೊಸ ಮನೆಗೆ ತಂದ ಬೆಕ್ಕಿನ ಹಾಗೆ.
ಅಳತೆ ಹೇಗೆಂದು ಖಲ್ಫಾನನನ್ನು ಕೇಳಿದೆ.
ಅವನು ಒಂದು ಕಣ್ಣು ಮುಚ್ಚಿ ತೋರಿಸಿದ.

ಬಾಯಿ ತೋಡಿ, ನಾಲಗೆ ಕೂರಿಸಿ, ಬೆಣೆ ಬಡಿದೆ.
ಮೊಳೆ ಮುಟ್ಟಲಿಲ್ಲ.
ಕೊಡತಿಯ ಸದ್ದಿಗೆ ರಾತ್ರಿಪಾಳಿಯವರು ಚಪ್ಪಲಿ ಎಸೆದರು.

ಮೊದಲ ಸಲ ಕೂತಾಗ ಹಿಂದಕ್ಕೆ ಮಗುಚಿತು;
ಆಕಾಶ, ನೀರಿನ ಟ್ಯಾಂಕು, ನನ್ನದೇ ಎರಡು ಪಾದ.
ಆಸನವನ್ನು ನಾಲ್ಕು ಬೆರಳು ಮುಂದೆ ತಂದೆ.

ಎಷ್ಟಕ್ಕೆ ಕೊಡುತ್ತೀ ಎಂದು ಕೇಳಲು ಬಂದ
ಕ್ಯಾಂಪ್ ಬಾಸ್ ಕುರುವಿಳ.
ಮೊದಲು ಕೂತು ನೋಡಿ ಎಂದೆ.
ಹಾಜರಿ ಪುಸ್ತಕ ಮಡಿಲಲ್ಲಿಟ್ಟು
ತೂಗಿದ, ತೂಗಿದ, ಎದ್ದ, ಹೋದ.
ಬೆಲೆಯ ಮಾತು ಆಮೇಲೆ ಬರಲಿಲ್ಲ.

ಒಂದು ದೋಷವಿದೆ.
ಹಡಗಿನ ಕಾಲು ಭಾರ, ಪ್ಲೈವುಡ್ಡಿನದು ಹಗುರ.
ತೂಗಿದಷ್ಟೂ ಕುರ್ಚಿ ಓರೆಯಾಗಿ ನಡೆಯುತ್ತದೆ,
ದಿನಕ್ಕೆರಡು ಬೆರಳು.
ಟೆರೇಸಿನ ನೆಲದಲ್ಲಿ ಚಾಕಿನ ಗುರುತು ಹಾಕಿದ್ದೇನೆ.
ಎರಡು ಪಾಳಿ ಮುಗಿಸಿದ ಚಿತ್ತಗಾಂಗಿನ ಮೊಹ್ಸಿನ್
ನಿನ್ನೆ ಅದರಲ್ಲೇ ನಿದ್ದೆ ಹೋದ, ಬೂಟು ಬಿಚ್ಚದೆ.
ನಿದ್ದೆಯಲ್ಲೂ ಕಾಲು ನೆಲ ಒದೆಯುತ್ತಿತ್ತೇನೋ,
ಬೆಳಿಗ್ಗೆ ನೋಡಿದರೆ ಕುರ್ಚಿ ಗುರುತೆಲ್ಲ ದಾಟಿ
ಸಮುದ್ರದ ಕಡೆಯ ಮೋಟುಗೋಡೆಗೆ ಹಣೆ ಹಚ್ಚಿ ನಿಂತಿತ್ತು,
ಅವನು ಇನ್ನೂ ಅದರೊಳಗೆ.

ಸರಿಮಾಡಬಹುದು.
ಒಂದು ಕಡೆ ಅರ್ಧ ನೂಲು ಕೀಸಿದರೆ ಸಾಕು.
ಕೀಸುಳಿ ಹರಿತವಾಗಿದೆ.
ಕೀಸಿಲ್ಲ.