ಎಡಕ್ಕ ಒಂದ್ ಹೆಜ್ಜಿ

ಚೆಂಡು ನನ್ನ ಕೈಗೆ ಬರೂದಿಲ್ಲ.
ಮೂರು ವರ್ಷದಾಗ ಒಮ್ಮೆ ಮುಟ್ಟೇನಿ,
ಅದೂ ಗಟಾರದಾಗ ಬಿದ್ದಿತ್ತು, ತಗದು ಕೊಟ್ಟೆ.

ಅಮರಗೋಳ ಯಾರ್ಡಿನ್ಯಾಗ ಹಮಾಲಿ,
ಬಿಲ್ಲೆ ನಂಬರು ಇನ್ನೂರಾ ಹದಿನೇಳು.
ಐತವಾರಕ್ಕೊಮ್ಮೆ ಎಡಗಡೆ ಗಾರ್ಡು.
ರೈಲ್ವೆ ಮೈದಾನದ ಕೆಂಪು ಧೂಳಿನ್ಯಾಗ
ಐದು ಮಂದಿ ಬಗ್ಗಿ ನಿಲ್ಲತೀವಿ:
ಫಕ್ಕೀರಪ್ಪ, ನಾನು, ಚೆಂಡಿನ ಮ್ಯಾಲ ಬಾಗಿದ ಮೌಲಾಸಾಬ,
ಅವನಾಚೆ ನಿಂಗರಾಜ, ಕಡೀಗೆ ಸ್ಟೀಫನ್ನ.
ಹಿಂದ ತುಳಜಾಸಾ, ಚೆಂಡು ಹಿಡದು ಓಡಾವ.
ಅವಗ ದಾರಿ ಬೇಕು.

ಡಿಮೆಲ್ಲೊ ಸರ್ ವರ್ಕ್‌ಶಾಪಿನ್ಯಾಗ ಬೋಗಿ ಜೋಡಸ್ತಿದ್ರು,
ರಿಟಾಯರ್ ಆದಮ್ಯಾಲ ನಮ್ಮನ್ನ ಜೋಡಸಾಕ ಹತ್ಯಾರ.
ಸುಣ್ಣದ ಪುಡಿಲೇ ನೆಲದ ಮ್ಯಾಲ ಬಾಣ ಬರದು
"ಆಳ ನೋಡಬ್ಯಾಡ್ರೋ, ಜಾಗಾ ನೋಡ್ರಿ" ಅಂತಾರ.
"ಚೆಂಡು ಎದ್ದ ಕೂಡ್ಲೆ ಐದೂ ಮಂದಿ
ಎಡಕ್ಕ ಒಂದ್ ಹೆಜ್ಜಿ.
ನಿನ್ನ ಜಾಗಾಕ್ಕ ಯಾವ ಬಂದ, ಅವ ನಿನ್ನಾವ.
ಯಾರೂ ಬರಲಿಲ್ಲ? ಬಾಜೂದಾವಗ ಭುಜಾ ಕೊಡು,
ಇಬ್ಬರೂ ಕೂಡಿ ಒಬ್ಬನ್ನ ಸರಸ್ರಿ,
ಸರದ ಮ್ಯಾಲ ಒಬ್ಬ ಅವನ್ನ ಹಿಡಕೊಂಡಿರು,
ಇನ್ನೊಬ್ಬ ಹಿಂದಿನಾವನ ಮ್ಯಾಲ ಏರು."

ಇದು ತಲಿಗೆ ಹತ್ತಾಕ ನನಗ ಆರು ತಿಂಗಳು.
ನನಗ ಗೊತ್ತಿದ್ದ ಜಗಳಾನ ಬ್ಯಾರೆ:
ಎದುರಿಗೆ ಒಬ್ಬ, ಅವನ ಹೆಸರು, ಅವನ ಕಾಲರು.
ಗದಗಿನವರ ಜೋಡಿ ಆಡೂವಾಗ
ಒಬ್ಬ ನನಗ "ಏ ಚೀಲಾ" ಅಂದ.
ಅವನ ಬೆನ್ನ ಹತ್ತಿ ನಾನು ಬಲಕ್ಕ ಹೋದೆ.
ನಾ ಬಿಟ್ಟ ಜಾಗಾ, ಎರಡು ಮೊಳ ಇರಬೇಕು,
ಅಲ್ಲಿಂದ ಮೀಸಿ ಮೂಡದ ಪೋರ ಒಬ್ಬ ನುಗ್ಗಿ
ತುಳಜಾಸಾನ ಗದ್ದ ಒಡದ.
ಕಿಮ್ಸಿನ್ಯಾಗ ಆರು ಹೊಲಿಗಿ.
ಬಾಕಿನ ಮ್ಯಾಲ ಅವರವ್ವ ಕುಂತಿದ್ಲು.
ಏನೂ ಅನ್ನಲಿಲ್ಲ. ನಾನು ನನ್ನ ಬೂಟು ನೋಡಿದೆ.
ಈಗ ಜಾಗಾ ನೋಡತೀನಿ.

ನಡಾ ತಗ್ಗಿಸೂದು ಮಾತ್ರ ಸರ್ ಕಲಿಸಿದ್ದಲ್ಲ,
ಬ್ಯಾಡಗಿ ಮೆಣಸಿನಕಾಯಿ ಚೀಲ ಕಲಿಸಿದ್ದು.
ಬೆನ್ನಿಲೆ ಎತ್ತಿದಾವ ನಲವತ್ತಕ್ಕ ಮನಿ ಹಿಡೀತಾನ,
ಮೊಣಕಾಲಿಲೆ ಎತ್ತಬೇಕು,
ಘಾಟಿಗೆ ಉಸಿರು ಹಿಡದು,
ಹಲಗಿ ಮ್ಯಾಲ ಸಣ್ಣ ಸಣ್ಣ ಹೆಜ್ಜಿ.
ತಗ್ಗಿದಾವ ಗೆಲ್ಲತಾನ ಅಂತ ಸರ್ ಹೇಳಿದಾಗ
ನಮ್ಮ ಮುಕಾದಮ್ ನೆಪ್ಪಾಗಿ ನಕ್ಕೆ. ಅವ ಎಂದೂ ತಗ್ಗಿಲ್ಲ.

ಒಂದ್ ಆಟ ಐತಿ, ಸರ್ ಅದಕ್ಕ "ಕರೆಂಟ್!" ಅಂತ ಕೂಗತಾರ.
ನಾಕೂ ಮಂದಿ ಎಡಕ್ಕ ಒತ್ತತಾರ.
ನಾನೊಬ್ಬ ಹಿಂದ ಸರದು
ಮೌಲಾಸಾಬನ ಬೆನ್ನ ಸವರಿಕೊಂತ ಬಲಕ್ಕ ಓಡತೀನಿ,
ನೂರಾ ಹತ್ತು ಕೇಜಿ, ಹೊಟ್ಟಿ ಸಮೇತ.
ಹಿಂದ ತುಳಜಾಸಾನ ಬೂಟಿನ ಸಪ್ಪಳ.
ಆ ಮೂರು ಸೆಕೆಂಡು ನಾನೂ ಓಡಾವ.
ತುದಿಗೆ ಒಬ್ಬ ಕಾಯತಿರತಾನ,
ಅವನ ಎದಿಗೆ ಭುಜಾ ಕೊಟ್ಟು ಹೊರಗ ದಬ್ಬತೀನಿ,
ಬಾಗಲಾ ತಗದಂಗ.
ನಡುವಿನ ಹಾದ್ಯಾಗ ಚಿಗರಿ ಬಸ್ಸು ಹೋದಂಗ
ತುಳಜಾಸಾ ಹೊಂಟಬಿಡತಾನ.
ಎರಡೂ ಕಡೆ ಕಂಬಿ ನಾವು.
ಕಂಬಿಗೆ ಯಾರರ ಚಪ್ಪಾಳಿ ಹೊಡದಾರೇನು?

ಅಷ್ಟೊತ್ತಿಗೆ ನಾನು ಬೋರಲ ಬಿದ್ದಿರತೀನಿ,
ಬಾಯಾಗ ಮಣ್ಣು, ಮ್ಯಾಲ ಒಬ್ಬಿಬ್ಬರು.
ಏನೂ ಕಾಣೂದಿಲ್ಲ.
ಮಂದಿ ಕೂಗು ಹಂತ್ಯಾಕ ಕೇಳಿದ್ರ ನಾಕು ಗಜ,
ಬೇವಿನ ಗಿಡದ ಕಡಿಂದ ಬಂದ್ರ ಹದಿನೈದು.
ಒಮ್ಮೆ ಗ್ವಾಡಿ ಆಚೆ ರಸ್ತಾದಿಂದ ಕೇಳಿತ್ತು,
ಆಟೋದವರೂ ಹಾರ್ನ್ ಹೊಡದಿದ್ರು.
ಆವತ್ತು ಏಳಾಕ ಮನಸಾಗಲಿಲ್ಲ.

ಸೋಮವಾರ ಯಾರ್ಡಿನ್ಯಾಗ
ಕಸಾ ಹೊಡಿಯೋ ಹುಲಿಗೆವ್ವ ತಲಿ ಮ್ಯಾಲ ಬುಟ್ಟಿ ಹೊತ್ತು
ಚೀಲದ ಥಪ್ಪಿ ಸಂದ್ಯಾಗ ಬಂದ್ಲು.
ಎದುರಿಂದ ಕೈಗಾಡಿ, ಗಾಡಿಯವ ನೋಡಿರಲಿಲ್ಲ.
ನನ್ನ ಕಾಲು, ನನ್ನ ಕೇಳದ,
ಎಡಕ್ಕ ಒಂದ್ ಹೆಜ್ಜಿ ಇಟ್ಟಿತು.
ಗಾಡಿ ನನ್ನ ತೊಡಿಗೆ ಬಡದು ನಿಂತಿತು.

"ಹಾದ್ಯಾಗ ಏನ್ ಕೋಣ ನಿಂತಂಗ ನಿಂತೀಯೋ"
ಅಂತ ಬೈಕೋತ
ನಾ ಬಿಟ್ಟ ಸಂದಿಲೆ ಹಾದು ಹೋದ್ಲು.